ಹದಿಮೂರನೆಯ ಹೆಸರು

ಸಂಡಿಗೆಯ ಮೇಲೆ ಚೆಂಡು ಬಿದ್ದದ್ದು ಬೆಳಗಿನ ಹತ್ತು ಗಂಟೆಗೆ. ನಾವು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ಗೆ ಬಂದು ಮೂರು ವಾರವಾಗಿತ್ತು. ಕೊರೋನಾ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಾತಿಗೆ ಒಂದು ನರಪಿಳ್ಳೆ ಇರಲಿಲ್ಲ, ಬಿಸಿಲು ಮಾತ್ರ ಬೇಕಾದಷ್ಟಿತ್ತು. ಅಂಥ ಬಿಸಿಲು ಕಂಡ ಮೇಲೆ ಗದಗಿನವಳು ಕೈಕಟ್ಟಿ ಕೂರುವುದುಂಟೇ? ಹಿತ್ತಲಲ್ಲಿ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಪಕ್ಕದ ಮನೆಯ ಗೋಡೆ ಹಾರಿ ಬಂದ ಬಿಳಿ ಚೆಂಡೊಂದು ಸೀರೆಯ ನಡುವೆ ಬಿದ್ದು, ನಾಲ್ಕು ಸಾಲು ಸಂಡಿಗೆಯನ್ನು ಅಪ್ಪಚ್ಚಿ ಮಾಡಿ ನಿಂತಿತು. ತಲೆಯೆತ್ತಿದರೆ ಗೋಡೆಯ ಮೇಲೆ ಮಾಸ್ಕ್ ಹಾಕಿದ ಒಂದು ಮುದಿ ಮುಖ. ಮುಖದ ಪಕ್ಕದಲ್ಲಿ ಕೊಡಲಿಯಂತೆ ಅಗಲವಾದ ಮರದ ಬಡಿಗೆ. ನಾನು ಒಳಗೋಡಿ ಬಾಗಿಲು ಹಾಕಿಕೊಂಡೆ.

ಸಂಜೆ ಹೊಸಿಲ ಮುಂದೆ ತಟ್ಟೆಯಲ್ಲಿ ಒಂದು ಕಂದು ಬ್ರೆಡ್ಡು ಇತ್ತು, ಜತೆಗೆ ದೊಡ್ಡ ದೊಡ್ಡ ಅಕ್ಷರದ ಚೀಟಿ: ‘ನಿಮ್ಮ ಬಿಳಿಯ ವಸ್ತುಗಳಿಗಾದ ಹಾನಿಗೆ ಕ್ಷಮಿಸಿ. ನನಗೆ ಈಗ ಗೋಡೆ ಸರಿಯಾಗಿ ಕಾಣುವುದಿಲ್ಲ. ಡೊನಾಲ್.’ ಖಾಲಿ ತಟ್ಟೆ ವಾಪಸು ಕೊಡುವ ರೂಢಿ ನಮ್ಮಲ್ಲಿಲ್ಲ. ಚೆಂಡಿನ ಹೊಲಿಗೆಯ ಗುರುತು ಬಿದ್ದ ಸಂಡಿಗೆಯನ್ನೇ ಒಣಗಿಸಿ ಕರಿದು ಕಳಿಸಿದೆ. ಮರುದಿನ ಗೋಡೆಯಾಚೆಯಿಂದ ಧ್ವನಿ ಬಂತು: “ಇದು ಇನ್ನೂ ಇದೆಯಾ?” ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಐರಿಷ್ ಉಚ್ಚಾರ ಅರ್ಥವಾಗಲು ನನಗೆ ಎರಡು ತಿಂಗಳು ಹಿಡಿಯಿತು, ಅದನ್ನು ಮಾತ್ರ ಬರೆಯಲಾರೆ. ಹೆಸರು ಹಿಡಿದು ಕರೆಯಿರಿ ಎಂದರು. ಎಪ್ಪತ್ತು ದಾಟಿದವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಡೊನಾಲ್ ಅಂಕಲ್ ಆದರು.

ನಾನು ಗಂಡನ ವೀಸಾದ ಬಾಲ ಹಿಡಿದು ಬಂದವಳು. ಅವರಿಗೆ ಎಲ್ ಸೆಗುಂಡೋದಲ್ಲಿ ಆಫೀಸು, ನನಗೆ ಕೆಲಸ ಮಾಡುವ ಪರವಾನಗಿ ಇಲ್ಲ. ಗದಗಿನ ಒಂದು ಪ್ರೆಸ್ಸಿನಲ್ಲಿ ಒಂಬತ್ತು ವರ್ಷ ಪ್ರೂಫ್ ನೋಡಿದ ಕಣ್ಣು ಇಲ್ಲಿ ಹಾಲಿನ ಡಬ್ಬಿಯ ಮೇಲಿನ ತಪ್ಪು ಹುಡುಕುತ್ತ ಕೂತಿತ್ತು. ಅತ್ತ ಡೊನಾಲ್ ಅಂಕಲ್‌ಗೆ ಕಣ್ಣಿನ ನಡುಭಾಗವೇ ಮಸುಕು. ಅಂಚಿನಲ್ಲಿ ಚೆಂಡು ಕಾಣುತ್ತದೆ, ಎದುರಿಗಿರುವ ಅಕ್ಷರ ಕಾಣದು. ಅವರ ಬಳಿ ಮೂರು ದಪ್ಪ ನೋಟ್‌ಬುಕ್ಕುಗಳಿದ್ದವು. ತಮ್ಮ ಕೌಂಟಿಯ ಹರ್ಲಿಂಗ್ ಎಂಬ ಆಟದ ಚಾಂಪಿಯನ್‌ಶಿಪ್ಪಿನ ಇತಿಹಾಸವನ್ನು, ಪ್ರತಿ ವರ್ಷದ ಫೈನಲ್, ಗೆದ್ದ ತಂಡದ ಆಟಗಾರರ ಹೆಸರುಗಳ ಸಮೇತ, ಇಪ್ಪತ್ತು ವರ್ಷ ಕೂತು ಬರೆದಿದ್ದರು. ಊರಿನ ಕ್ಲಬ್ಬಿನವರು ಅದನ್ನು ಅಚ್ಚು ಹಾಕಿಸುತ್ತೇವೆ ಎಂದಿದ್ದರು. ಕಣ್ಣು ಪೂರ್ತಿ ಹೋಗುವ ಮೊದಲು ಟೈಪ್ ಆಗಬೇಕಿತ್ತು.

“ನಿಮಗೆ ಬೇಜಾರಾಗಲ್ವಾ?” ಎಂದು ಕೇಳಿದರು.

“ನಾನು ಲಗ್ನಪತ್ರಿಕೆ ತಿದ್ದಿದವಳು ಅಂಕಲ್. ಹೆಸರಿನ ಪಟ್ಟಿ ನನಗೆ ಹೊಸದಲ್ಲ” ಎಂದೆ.

ಹೀಗೆ ನನ್ನ ಅಮೆರಿಕ ಶುರುವಾದದ್ದು ಐರ್ಲೆಂಡಿನಿಂದ. ಕೌಂಟಿ ಎಂದರೆ ನಮ್ಮ ಜಿಲ್ಲೆ. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ನಾಲ್ಕಾರು ಹಳ್ಳಿಗಳ ಗುಂಪು. ಒಂದೊಂದು ಪ್ಯಾರಿಷ್‌ಗೆ ಒಂದು ಕ್ಲಬ್ಬು. ಯಾವ ಕೌಂಟಿ ಎಂದು ಮಾತ್ರ ಬರೆಯಬೇಡ, ಅಲ್ಲಿಯವರು ಓದಿ ಜಗಳಕ್ಕೆ ಬಂದಾರು ಎಂದು ಅಂಕಲ್ ತಾಕೀತು ಮಾಡಿದ್ದಾರೆ. ಕನ್ನಡ ಓದುವ ಐರಿಷರು ಎಷ್ಟು ಜನ ಎಂದು ಕೇಳಲಿಲ್ಲ. ಆಟವೋ, ನಮ್ಮ ಚಿನ್ನಿದಾಂಡಿಗೂ ಹಾಕಿಗೂ ಜಗಳ ಹಚ್ಚಿದ ಹಾಗೆ. ಬಡಿಗೆಗೆ ಹರ್ಲಿ ಎನ್ನುತ್ತಾರೆ. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಮೂರು ಅಂಕ, ಮೇಲಿಂದ ಹಾರಿದರೆ ಒಂದು. ಮೊದಲ ಕಾಲದಲ್ಲಿ ಒಂದೊಂದು ಕಡೆ ಇಪ್ಪತ್ತೊಂದು ಜನ ಆಡುತ್ತಿದ್ದರಂತೆ. ಆಮೇಲೆ ಹದಿನೇಳಾಗಿ, ಹದಿನೈದಕ್ಕೆ ನಿಂತಿತು. ಊರಲ್ಲಿ ಬಂದೂಕಿನ ಸದ್ದಿದ್ದ ವರ್ಷಗಳಲ್ಲಿ ಚಾಂಪಿಯನ್‌ಶಿಪ್ ನಡೆಯಲೇ ಇಲ್ಲ. ಸೋತ ತಂಡದವರು ‘ಅವರ ಆಟಗಾರ ನಮ್ಮ ಪ್ಯಾರಿಷ್‌ನಲ್ಲಿ ಹುಟ್ಟಿದವನು’ ಎಂದು ತಕರಾರು ಹಾಕಿ, ಮೈದಾನದಲ್ಲಿ ಸೋತ ಫೈನಲ್ಲನ್ನು ಮೀಟಿಂಗಿನಲ್ಲಿ ಗೆದ್ದದ್ದೂ ಉಂಟು. ಅದನ್ನು ಟೈಪ್ ಮಾಡುವಾಗ ನಮ್ಮ ಸೊಸೈಟಿ ಚುನಾವಣೆಗಳು ನೆನಪಾಗಿ ನಕ್ಕೆ.

ಹುಟ್ಟಿದ ಊರಿನ ಕ್ಲಬ್ಬಿಗೇ ಆಡಬೇಕೆಂಬ ಈ ನಿಯಮವೇ ನನಗೆ ಬಹಳ ಹಿಡಿಸಿದ್ದು. ಎಷ್ಟೇ ದೊಡ್ಡ ಆಟಗಾರನಾಗಲಿ, ಇಷ್ಟಬಂದ ಕ್ಲಬ್ಬಿಗೆ ಹೋಗುವಂತಿಲ್ಲ, ಆಡಿದ್ದಕ್ಕೆ ಬಿಡಿಗಾಸೂ ಇಲ್ಲ. ದೂರದೇಶಕ್ಕೆ ಹೋದವನು ಅಲ್ಲಿ ಆಡಬೇಕಾದರೂ ಊರಿನ ಕ್ಲಬ್ಬು ಬಿಟ್ಟುಕೊಟ್ಟೆವು ಎಂದು ಕಾಗದ ಬರೆದುಕೊಡಬೇಕು. ಡೊನಾಲ್ ಅಂಕಲ್ ಆ ಕಾಗದ ಕೇಳಲೇ ಇಲ್ಲ. ಐವತ್ತು ವರ್ಷದ ಹತ್ತಿರ ಕ್ಯಾಲಿಫೋರ್ನಿಯಾದಲ್ಲಿದ್ದು, ಇಲ್ಲಿಯ ಐರಿಷರು ಆಡುವ ಮೈದಾನಕ್ಕೆ ಸುಣ್ಣದ ಗೆರೆ ಎಳೆದರು, ಮುರಿದ ಹರ್ಲಿಗಳಿಗೆ ಪಟ್ಟಿ ಬಿಗಿದರು, ಒಂದೇ ಒಂದು ಪಂದ್ಯ ಆಡಲಿಲ್ಲ. ಯಾಕೆ ಎಂದರೆ “ಊರಿನ ಪಟ್ಟಿಯಿಂದ ಹೆಸರು ಹೋಗುತ್ತಲ್ಲ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಒಂದು ಫೈನಲ್ಲಿಗೆ ಬಂದೆವು. ಅವರ ಕ್ಲಬ್ಬು ಗೆದ್ದ ಒಂದೇ ಒಂದು ವರ್ಷ. ಪಟ್ಟಿಯ ಹದಿಮೂರನೆಯ ಹೆಸರು: ಡೊನಾಲ್. ನಾನು ಖುಷಿಯಿಂದ ಟೈಪ್ ಮಾಡಿದೆ. ಆದರೆ ನಮ್ಮ ಪ್ರೆಸ್ಸಿನ ಮಾಲೀಕರು ಒಂದು ಮಾತು ಕಿವಿಯಲ್ಲಿ ಹಾಕಿಟ್ಟಿದ್ದಾರೆ: “ಮೂಲಕ್ಕ ಹಿಡದು ನೋಡವ್ವಾ. ಮಂದಿ ಮೊದಲು ಓದೋದು ತಮ್ಮ ಹೆಸರು.” ಮೂಲಕ್ಕೆ ಹಿಡಿದು ನೋಡಿದೆ. ಮೊದಲ ಫೈನಲ್ ಸಮ ಆಗಿತ್ತು. ಮೂರು ವಾರದ ಮೇಲೆ ಮರುಪಂದ್ಯ, ಅಕ್ಟೋಬರಿನಲ್ಲಿ. ಪುಸ್ತಕದ ಮುನ್ನುಡಿಯಲ್ಲೋ, ತಾವು ಲಾಸ್ ಏಂಜಲೀಸಿಗೆ ಬಂದಿಳಿದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಂದು ಅವರೇ ಬರೆದಿದ್ದರು.

“ಅಂಕಲ್, ಇಲ್ಲಿ ಯಾವುದೋ ತಿಂಗಳು ತಪ್ಪಿದೆ” ಎಂದೆ.

ಅವರು ನೋಟ್‌ಬುಕ್ ಮುಚ್ಚಿಟ್ಟರು. ಆ ದಿನ ಕೆಲಸ ಅಲ್ಲಿಗೇ ನಿಂತಿತು. ಎರಡು ದಿನ ಗೋಡೆಗೆ ಚೆಂಡು ಬಡಿಯುವ ಸದ್ದೂ ಇರಲಿಲ್ಲ, ಬಾಯಿ ಸುಮ್ಮನಿರಲಾರದ ನನ್ನನ್ನು ನಾನೇ ಬೈದುಕೊಂಡೆ.

ಮೂರನೆಯ ದಿನ ಅವರೇ ಕರೆದು ಹೇಳಿದರು. ಸಮವಾದ ಪಂದ್ಯದ ಕೊನೆಯ ನಿಮಿಷದಲ್ಲಿ ಚೆಂಡು ಅವರ ಕೈಗೇ ಬಂದಿತ್ತು. ಹೊಡೆದರು, ಕಂಬದ ಹೊರಗೆ ಹೋಯಿತು. ಇಲ್ಲಿ ಚಿಕ್ಕಪ್ಪ ಕೆಲಸ ನೋಡಿಟ್ಟಿದ್ದರು, ಟಿಕೆಟ್ಟೂ ಆಗಿತ್ತು, ಮರುಪಂದ್ಯಕ್ಕೆ ಉಳಿಯಲು ಸಾಧ್ಯವೇ ಇರಲಿಲ್ಲ. ಅವರ ಜಾಗದಲ್ಲಿ ಟಾಮ್ ಎಂಬ ಹತ್ತೊಂಬತ್ತರ ಹುಡುಗ ಆಡಿದ. ಕ್ಲಬ್ಬು ಗೆದ್ದಿತು. ಪತ್ರಿಕೆಯವರು ಹಳೆಯ ಪಂದ್ಯದ ಪಟ್ಟಿಯನ್ನೇ ಅಚ್ಚು ಹಾಕಿದರು, ಮುಂದೆ ಎಲ್ಲರೂ ಅದನ್ನೇ ನಕಲು ಮಾಡಿದರು. ಚಳಿಗಾಲದಲ್ಲಿ ಅಂಚೆಯಲ್ಲಿ ಅವರ ಹೆಸರು ಕೊರೆದ ಪದಕವೂ ಬಂತು.

“ವಾಪಸ್ ಕಳಿಸಬೇಕಿತ್ತು. ಒಂದು ವಾರ ಇಟ್ಕೊಂಡು ಕಳಿಸೋಣ ಅಂದುಕೊಂಡೆ. ವಾರ ಮುಗೀಲೇ ಇಲ್ಲ” ಎಂದರು.

“ಟಾಮ್ ಈಗ ಎಲ್ಲಿದ್ದಾರೆ?”

“ಸ್ಯಾನ್ ಡಿಯಾಗೋದಲ್ಲಿ. ನನ್ನ ಹಿಂದೆ ಆರು ವರ್ಷಕ್ಕೆ ಅವನೂ ಬಂದ. ಪ್ರತಿ ವರ್ಷ ಮೈದಾನದಲ್ಲಿ ಸಿಗ್ತಾನೆ. ಹವಾಮಾನ ಮಾತಾಡ್ತೀವಿ.”

ನನಗೆ ಹಳೆಯದೊಂದು ಲಗ್ನಪತ್ರಿಕೆ ನೆನಪಾಯಿತು. ನಮ್ಮ ಕಡೆಯ ಲಗ್ನಪತ್ರಿಕೆ ನೋಡಿದವರಿಗೆ ಗೊತ್ತು: ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಉದ್ದಕ್ಕೆ ಹೆಸರುಗಳು. ಒಮ್ಮೆ ನನ್ನ ಕಣ್ತಪ್ಪಿನಿಂದ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿತ್ತು. ಆ ಮನುಷ್ಯ ಮದುವೆಗೆ ಬಂದ, ಕಲ್ಯಾಣ ಮಂಟಪದ ಹೊರಗೆ ಬೇವಿನ ಗಿಡದ ಕೆಳಗೆ ಕೂತ, ಉಣ್ಣದೆ ಹೋದ. ಬಿಟ್ಟ ಹೆಸರಿನ ಭಾರ ನನಗೆ ಗೊತ್ತಿತ್ತು. ಅಂಕಲ್‌ಗೆ ಅದನ್ನೇ ಹೇಳಿದೆ. ಪುಸ್ತಕ ಹೀಗೇ ಅಚ್ಚಾದರೆ ಟಾಮ್ ಎಂದೆಂದಿಗೂ ಹೊರಗೆ. ತಿದ್ದಿದರೆ, ಐವತ್ತು ವರ್ಷ ಕಾಪಾಡಿಕೊಂಡು ಬಂದ ಡೊನಾಲ್ ಅಂಕಲ್ ಹೆಸರು ಗೆದ್ದವರ ಪಟ್ಟಿಯಿಂದಲೇ ಹೊರಗೆ. ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅದೇ ವಾರ ಗದಗಿನಿಂದ ವಾಟ್ಸಪ್ಪಿನಲ್ಲಿ ನನ್ನ ತಮ್ಮನ ಲಗ್ನಪತ್ರಿಕೆ ಬಂತು, ನನ್ನದೇ ಹಳೆಯ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಸುಖಾಗಮನ ಬಯಸುವವರ ಸಾಲಿನಲ್ಲಿ ಮೊದಲ ಹೆಸರೇ ನನ್ನದು. ನಾನೋ ಹೋಗುವಂತಿರಲಿಲ್ಲ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ಮುಗಿದಿತ್ತು, ದೇಶ ಬಿಟ್ಟರೆ ಕಾನ್ಸುಲೇಟಿನಲ್ಲಿ ಹೊಸದಾಗಿ ಹಾಕಿಸದೆ ತಿರುಗಿ ಬರಲಾಗದು, ಅಪಾಯಿಂಟ್‌ಮೆಂಟ್ ವರ್ಷಗಟ್ಟಲೆ ಸಿಗುತ್ತಿರಲಿಲ್ಲ. ತಮ್ಮನಿಗೆ ಫೋನ್ ಮಾಡಿದೆ.

“ಮಂಜು, ನನ್ನ ಹೆಸರು ಯಾಕ ಹಾಕ್ಸಿದಿ? ನಾ ಇರಂಗಿಲ್ಲಲ್ಲೋ.”

“ಮತ್ತ ಯಾರ್ದು ಹಾಕ್ಸಲೆಕ್ಕಾ? ಅಕ್ಕ ಅಂತ ನನಗಿರಾಕಿ ನೀ ಒಬ್ಬಾಕಿ.”

ಫೋನಿಟ್ಟು ಅಡುಗೆಮನೆಯಲ್ಲಿ ನಿಂತು ಅತ್ತೆ. ಅತ್ತ ಮುಖದಲ್ಲೇ ಪತ್ರಿಕೆಯನ್ನು ಅಂಕಲ್‌ಗೆ ಓದಿ ಹೇಳಿದೆ. ಬಾರದವಳ ಹೆಸರು ಬಂದವರನ್ನು ಸ್ವಾಗತಿಸುತ್ತದೆ ಎಂದೆ. ಅವರು, “ಭಾನುವಾರ ಸ್ಯಾನ್ ಡಿಯಾಗೋದಲ್ಲಿ ಪಂದ್ಯ ಇದೆ. ಡ್ರೈವ್ ಮಾಡ್ತೀಯಾ?” ಎಂದರು.

ಲೈಸೆನ್ಸ್ ಸಿಕ್ಕು ನಾಲ್ಕು ತಿಂಗಳಾಗಿತ್ತು. ಫ್ರೀವೇ ಎಂದರೆ ನನಗೆ ಇನ್ನೂ ಜೀವ ಬಾಯಿಗೆ ಬರುತ್ತಿತ್ತು, ಗಂಡನ ಜತೆ ಮಾರ್ಕೆಟ್ಟಿಗೆ ಹೋಗಿ ಬಂದದ್ದೇ ನನ್ನ ದಿಗ್ವಿಜಯ. ಆದರೂ ಹೂಂ ಎಂದೆ. ಲಾರಿಗಳ ನಡುವೆ ಮೂರು ತಾಸು, ಪಕ್ಕದಲ್ಲಿ ಕಣ್ಣು ಕಾಣದ ಮುದುಕ. ಅವರು ಜೇಬಿನಲ್ಲಿ ಕೈಯಿಟ್ಟುಕೊಂಡೇ ಕೂತಿದ್ದರು. ಸಮುದ್ರ ಎಡಕ್ಕಿಲ್ಲ ತಾನೆ, ಇದ್ದರೆ ದಿಕ್ಕು ತಪ್ಪಿದ್ದೇವೆ ಎಂದು ಒಮ್ಮೆ ಕೇಳಿದರು, ಅದು ಬಲಕ್ಕೇ ಇತ್ತು. ಮೈದಾನದ ಪಕ್ಕ ಕಾರು ನಿಲ್ಲಿಸಿದಾಗ ತಿಂಗಳುಗಟ್ಟಲೆಯ ಒಂಟಿತನ ದಾರಿಯಲ್ಲಿ ಎಲ್ಲೋ ಉದುರಿಹೋದ ಹಾಗಿತ್ತು.

ವುಡ್‌ಲ್ಯಾಂಡ್ ಹಿಲ್ಸಿನ ಕಾವಿಲ್ಲ, ತಣ್ಣನೆಯ ಗಾಳಿ. ಹುಲ್ಲಿನ ಮೇಲೆ ಹುಡುಗಿಯರ ಪಂದ್ಯ ನಡೆದಿತ್ತು. ಮಡಚುವ ಕುರ್ಚಿಯಲ್ಲಿ ಕೂತ ಬಡಕಲು ಮನುಷ್ಯನೊಬ್ಬ ಕೈಯೆತ್ತಿದ. ಬಡಗಿಯ ಕೆಲಸ ಮಾಡಿ ಬೆರಳು ಗಂಟುಗಟ್ಟಿದ ಕೈ. ಅದೇ ಟಾಮ್.

“ಇವತ್ತು ಮೋಡ ಇಲ್ಲ” ಎಂದರು ಟಾಮ್.

“ಇಲ್ಲ” ಎಂದರು ಡೊನಾಲ್ ಅಂಕಲ್. ನಾನು ಮನಸ್ಸಿನಲ್ಲೇ ತಲೆ ಚಚ್ಚಿಕೊಂಡೆ. ಆಮೇಲೆ ಅವರು ಒಂದೇ ಉಸಿರಿಗೆ ಹೇಳಿದರು: “ಟಾಮ್, ಈ ಹುಡುಗಿ ನನ್ನ ಪುಸ್ತಕ ತಿದ್ದುತ್ತಾಳೆ. ಒಂದು ತಪ್ಪು ಹಿಡಿದಿದ್ದಾಳೆ. ಹದಿಮೂರನೆಯ ಹೆಸರು.”

ಪದಕ ಜೇಬಿನಿಂದ ಹೊರಗೆ ಬಂತು. ಟಾಮ್ ಅದನ್ನು ಮುಟ್ಟಲಿಲ್ಲ.

“ಅದು ತಪ್ಪಲ್ಲ ಡೊನಾಲ್. ಕ್ಲಬ್ಬಿನ ಸೆಕ್ರೆಟರಿ ನನ್ನನ್ನು ಕೇಳಿದ್ರು. ಒಂದು ಪದಕ ಕಡಿಮೆ ಬೀಳುತ್ತೆ, ಏನ್ಮಾಡೋಣ ಅಂತ. ಅಮೆರಿಕಕ್ಕೆ ಕಳಿಸಿ, ಅಲ್ಲಿ ಅವನಿಗೆ ಇನ್ನೇನಿದೆ ಅಂತ ನಾನೇ ಹೇಳ್ದೆ. ನಂಗೆ ಹತ್ತೊಂಬತ್ತು. ಮುಂದೆ ಹತ್ತು ಗೆಲ್ತೀನಿ ಅಂದ್ಕೊಂಡಿದ್ದೆ.”

“ಎಷ್ಟು ಗೆದ್ದಿರಿ?” ನಾನು ಬಾಯಿ ಹಾಕಿದೆ.

“ಒಂದೂ ಇಲ್ಲ” ಎಂದು ಟಾಮ್ ನಕ್ಕುಬಿಟ್ಟರು.

ಡೊನಾಲ್ ಅಂಕಲ್ ನಗಲಿಲ್ಲ. ಪದಕ ಹಿಡಿದ ಕೈ ಚಾಚಿಯೇ ಇತ್ತು. ಟಾಮ್ ಆ ಕೈಯನ್ನು ಮೆಲ್ಲಗೆ ಮುಚ್ಚಿದರು. “ಆಟ ನಂಗೆ ಸಿಕ್ತು, ಪದಕ ನಿಂಗೆ ಸಿಕ್ತು. ಇಟ್ಕೋ. ಪುಸ್ತಕದಲ್ಲಿ ಮಾತ್ರ ನನ್ನ ಹೆಸರು ಹಾಕು, ಆಡಿದ್ದೆ ಅಂದ್ರೆ ನನ್ನ ಮೊಮ್ಮಕ್ಕಳು ನಂಬಲ್ಲ.”

“ಹಾಕ್ತೀನಿ. ಆದ್ರೆ ನೀನು ಆಟ ಹೇಳು” ಎಂದರು ಅಂಕಲ್. “ಮೊದಲಿಂದ ಹೇಳು. ಪೇಪರಿನಲ್ಲಿ ನಾಲ್ಕು ಸಾಲು ಇತ್ತು, ಅಷ್ಟೇ ನಂಗೆ ಗೊತ್ತು. ಪದಕ ಇದ್ದವನು ಕೇಳೋದು ಹೇಗೆ? ಐವತ್ತು ವರ್ಷ ಯಾರನ್ನೂ ಕೇಳಿಲ್ಲ.”

ಟಾಮ್ ಹೇಳಿದರು. ಒದ್ದೆ ಹುಲ್ಲು, ಎದುರು ಬೀಸುವ ಗಾಳಿ, ಗೋಲ್‌ಕೀಪರ್ ಜಾರಿ ಬಿದ್ದದ್ದು, ಅರ್ಧ ಆಟದ ಬಿಡುವಿನಲ್ಲಿ ಕಿತ್ತಳೆಯ ಹೋಳು ಹಂಚಿದ ಮುದುಕಿ, ಕೊನೆಯ ಹೊಡೆತ. ನಾನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಟೈಪ್ ಮಾಡಿದೆ. ಅಂಕಲ್ ಮುಖವನ್ನು ಸ್ವಲ್ಪ ಓರೆ ಮಾಡಿ, ಅಂಚುಗಣ್ಣಿನಿಂದ ಟಾಮ್‌ನನ್ನೇ ನೋಡುತ್ತ ಕೂತಿದ್ದರು. ನಡುವೆ “ಯಾರು ಕೊಟ್ಟ ಚೆಂಡು ಅದು?” ಎಂದು ಸಣ್ಣ ಹುಡುಗನ ಹಾಗೆ ಕೇಳುತ್ತಿದ್ದರು. ಗೆದ್ದ ಘಳಿಗೆ ಬಂದಾಗ ಅವರ ಕೆನ್ನೆ ತೊಯ್ದಿತ್ತು. ಪಟ್ಟಿಯಲ್ಲಿ ಹದಿಮೂರನೆಯವರು ಈಗ ಟಾಮ್. ಅದರ ಕೆಳಗೆ ಅಂಕಲ್ ಒಂದು ಸಾಲು ಬರೆಸಿದರು: ‘ಆ ದಿನ ಊರಿನಲ್ಲಿ ಇರದವನು: ಡೊನಾಲ್.’

ತಮ್ಮನ ಮದುವೆ ಮುಂದಿನ ತಿಂಗಳು ಆಯಿತು. ಯೂಟ್ಯೂಬಿನಲ್ಲಿ ನೇರಪ್ರಸಾರ ಇಟ್ಟಿದ್ದರು. ಎರಡು ತಾಸು ನಾನು ನೋಡಿದ್ದು ಫೋಟೋಗ್ರಾಫರನ ಬೆನ್ನು. ಮರುದಿನ ಅವ್ವನಿಗೆ ಫೋನ್ ಮಾಡಿದೆ. ಇಷ್ಟು ದಿನ ಊರಿನ ಕಾರ್ಯಗಳ ಸುದ್ದಿ ಬಂದರೆ ಚೆನ್ನಾಗಾಯಿತಾ ಎಂದು ಕೇಳಿ ಮಾತು ಮುಗಿಸಿಬಿಡುತ್ತಿದ್ದೆ. ಹೆಚ್ಚು ಕೇಳಿದರೆ ಹೊಟ್ಟೆ ಉರಿಯುತ್ತದೆಂಬ ಹೆದರಿಕೆ.

“ಅವ್ವಾ, ಮದುವಿ ಹೇಳು.”

“ಎಲ್ಲಿಂದ ಹೇಳ್ಲೆ ತಂಗಿ?”

“ಹಂದರ ಹಾಕಿದ್ದಿಂದ ಹೇಳು. ಯಾರನ್ನೂ ಬಿಡಬ್ಯಾಡ.”

ಅವ್ವ ಹೇಳಿದಳು, ಹಂದರ, ಅರಿಷಿಣ, ಬೀಗರ ಸಿಟ್ಟು, ಬುಂದೆ ಸಾಲದೆ ಬಂದದ್ದು. ನಾನು ವುಡ್‌ಲ್ಯಾಂಡ್ ಹಿಲ್ಸಿನ ಹಿತ್ತಲಲ್ಲಿ ಕೂತು ಕೇಳಿದೆ. ಗೋಡೆಯಾಚೆ ಚೆಂಡು ಬಡಿಯುತ್ತಿತ್ತು.

“ಪತ್ರಿಕಿ ನೋಡಿದವ್ರು ನನ್ನ ಕೇಳ್ಲಿಲ್ಲೇನ ಅವ್ವಾ?”

“ಕೇಳ್ದೇ ಬಿಡ್ತಾರ? ಬಾಗಲದಾಗ ನಿಂತಿದ್ದೆ, ಬಂದವ್ರೆಲ್ಲಾ ನಿನ್ನ ಕೇಳಾವ್ರ.”

“ಮತ್ತ ಏನಂದಿ?”

“ಏನನ್ನಲಿ? ಒಳಗ ಅದಾಳ ಅಂದೆ.”