ಅಟ್ಟದ ಮೇಲಿನ ಬಾಣಂತಿ

ಮೊಮ್ಮಗಳು ಹುಟ್ಟಿದಳು! ನನ್ನ ಮಗಳಿಗೆ ಹೆಣ್ಣು ಮಗು. ಕೈಕಾಲು ಗಟ್ಟಿ, ಗಂಟಲು ಇನ್ನೂ ಗಟ್ಟಿ. ಬಿಳೇಕಹಳ್ಳಿಯ ನಮ್ಮ ಬೀದಿಯಲ್ಲಿ ಸೊಪ್ಪಿನ ಗಾಡಿಯವನಿಂದ ಹಿಡಿದು ಪಿ.ಜಿ. ಹುಡುಗಿಯರವರೆಗೆ ಎಲ್ಲರ ಕೈಗೂ ನಾನೇ ಸಕ್ಕರೆ ಹಾಕಿ ಬಂದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆದರೂ ಇದನ್ನು ಬರೆಯದೆ ಇರಲಾರೆ, ಯಾಕೆಂದರೆ ಸಂತೋಷ ಒಂದಲ್ಲ, ಎರಡು.

ಮಗಳನ್ನು ಆಸ್ಪತ್ರೆಯಿಂದ ಕರೆತಂದ ವಾರವೇ, ಬೆಳ್ಳುಳ್ಳಿ ತರಲು ಹಿಂದಿನ ಉಗ್ರಾಣಕ್ಕೆ ಹೋದಾಗ ಬಾಸ್ಮತಿ ಅನ್ನದ ವಾಸನೆ ಮೂಗಿಗೆ ಬಡಿಯಿತು. ಈಗಷ್ಟೇ ಬೆಂದು ಇಳಿಸಿದ ಹಾಗೆ. ನಮ್ಮ ಮನೆಯಲ್ಲಿ ಬಾಸ್ಮತಿ ಮಾಡುವವರು ಯಾರು? ತಲೆಯೆತ್ತಿ ಹಂಚಿನ ಕೆಳಗಿನ ಅಟ್ಟದ ಕಡೆ ನೋಡಿದೆ, ನಕ್ಕುಬಿಟ್ಟೆ. ಆ ವಾಸನೆ ನನಗೆ ಗೊತ್ತು. ಪುನುಗು ಬೆಕ್ಕು ಇರುವ ಕಡೆ ಬರುವ ವಾಸನೆ ಅದು. ಅದರ ಹಿಂದೆಯೇ ನಮ್ಮ ಹಳೆಯ ಬಾಡಿಗೆ ಮನೆಯ ಓನರ್ ಆಂಟಿ ನೆನಪಾಗಿ ಕಣ್ಣ ಮುಂದೆ ನಿಂತರು...

ಆಗ ನಾವು ಜಯನಗರದಲ್ಲಿ, ಅವರ ಮನೆಯ ಹಿಂದಿನ ಹಂಚಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಆಂಟಿ ಎಂದರೆ ಎಲ್ಲರಿಗೂ ಭಯ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮುಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ, ನೆಂಟರು ಬಂದರೆ ಜಾಸ್ತಿ ದಿನ ಉಳಿಯುವಂತಿಲ್ಲ. ಆದರೆ ನಮ್ಮ ತಲೆಯ ಮೇಲಿನ ಅಟ್ಟದಲ್ಲಿ ಒಂದು ಪುನುಗು ಬೆಕ್ಕು ಬಾಡಿಗೆಯಿಲ್ಲದೆ ಸಂಸಾರ ಹೂಡಿತ್ತು. ಅದಕ್ಕೆ ಯಾವ ಕಾನೂನೂ ಇರಲಿಲ್ಲ.

ಬೆಕ್ಕಿನಂಥ ಮೈ, ಮುಂಗುಸಿಯಂಥ ಮೂತಿ, ಮೈಯಷ್ಟೇ ಉದ್ದದ ಬಾಲ. ಮೊದಲು ಕಾಂಪೌಂಡಿನ ಮಾವಿನ ಮರದಲ್ಲೇ ಇರುತ್ತಿತ್ತಂತೆ. ಕಾರು ನಿಲ್ಲಿಸಲು ಜಾಗ ಬೇಕೆಂದು ಆಂಟಿಯ ಮಗ ಆ ಮರ ಕಡಿಸಿದ. ಆಂಟಿ ಜಗಳವಾಡಿ ಸೋತರು. ಮರ ಹೋಯಿತು, ಪ್ರಾಣಿ ಹೋಗಲಿಲ್ಲ. ಕೊಂಬೆ ಇಲ್ಲದಿದ್ದರೆ ಕೇಬಲ್ ಟಿವಿಯ ವೈರು, ಪೊಟರೆ ಇಲ್ಲದಿದ್ದರೆ ಅಟ್ಟ ಎಂದು ಕಲಿತುಕೊಂಡಿತು. ಪಕ್ಕದ ಬೀದಿಯ ಸಪೋಟ ಯಾವಾಗ ಹಣ್ಣಾಗುತ್ತದೆ, ದೇವಸ್ಥಾನದ ಹಿಂದೆ ಬಾಳೆಹಣ್ಣು ಯಾವಾಗ ಎಸೆಯುತ್ತಾರೆ, ಎಲ್ಲ ಅದಕ್ಕೆ ಗೊತ್ತಿತ್ತು. ನಾಯಿಗಳ ಕಾಟಕ್ಕೆ ನೆಲಕ್ಕೆ ಕಾಲಿಡುವುದನ್ನೇ ಬಿಟ್ಟಿತ್ತು. "ನೋಡೇ, ಮರ ಹೋಯ್ತು ಅಂತ ಅಳ್ತಾ ಕೂತಿದ್ಯಾ ಅದು?" ಎನ್ನುತ್ತಿದ್ದರು ಆಂಟಿ, ಬೇಕೆಂದೇ ಮಗನಿಗೆ ಕೇಳುವ ಹಾಗೆ.

ನನ್ನ ಈ ಮಗಳು ಹುಟ್ಟಿದ್ದು ಅಲ್ಲಿದ್ದಾಗಲೇ. ಕೆಳಗೆ ನಾನು ಬಾಣಂತಿ. ಮೇಲೆ ಕೀಚುಕೀಚು ಸದ್ದು, ಅದೂ ಮರಿ ಹಾಕಿತ್ತು. ಅದನ್ನು ಹಿಡಿಸಿ ಊರಾಚೆ ಬಿಡಿಸುತ್ತೇನೆಂದು ಆಂಟಿಯ ಮಗ ಬೋನು ಹಿಡಿದ ಇಬ್ಬರನ್ನು ಕರೆತಂದ. ಆಂಟಿ ಕಾಫಿ ಲೋಟದ ಸಮೇತ ಬಂದು ಏಣಿಗೆ ಬೆನ್ನು ಕೊಟ್ಟು ನಿಂತರು.

"ಕೆಳಗೊಬ್ಳು ಬಾಣಂತಿ, ಮೇಲೊಬ್ಳು ಬಾಣಂತಿ. ಗಂಡಸ್ರಿಗೇನ್ರೋ ಇಲ್ಲಿ ಕೆಲ್ಸ?"

"ಅಮ್ಮಾ, ಅದು ಪ್ರಾಣಿ ಕಣಮ್ಮಾ!"

"ನಿನ್ನ ಹೆತ್ತಾಗ ನಾನೂ ಹಂಗೇ ಇದ್ದೆ, ಹತ್ರ ಬಂದೋರ್ನೆಲ್ಲ ಕಚ್ಚೋ ಹಂಗೆ. ನಿಮ್ಮಪ್ಪನ್ನ ಕೇಳು."

ಬೋನಿನವರು ನಕ್ಕರು. ಆಂಟಿ ನಗಲಿಲ್ಲ. ಮರಿಗಳು ವೈರಿನ ಮೇಲೆ ನಡೆಯುವಷ್ಟಾಗುವವರೆಗೆ ಯಾರೂ ಏಣಿ ಮುಟ್ಟಕೂಡದು ಎಂದರು. ಅವತ್ತೇ ಬಡಗಿಯನ್ನು ಕರೆಸಿ, ನನ್ನ ಮಂಚದ ಮೇಲಿನ ಹಲಗೆಗಳ ಸಂದುಗಳನ್ನೆಲ್ಲ ಮುಚ್ಚಿಸಿದರು. ಆ ಮನೆಯಲ್ಲಿ ಅಷ್ಟೊಂದು ಮೊಳೆ ಹೊಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೊನೆಗೊಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಾಯಿ ಮುಂದೆ, ಮರಿಗಳು ಹಿಂದೆ, ವೈರಿನ ಮೇಲೆ ಹೊರಟವು. ಆಂಟಿ ನನ್ನ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತೇ ಇದ್ದರು, ಕೊನೆಯ ಮರಿ ಆಚೆ ಮನೆಯ ಸಜ್ಜಾ ಮುಟ್ಟುವವರೆಗೆ...

ಈಗ ಆ ಜಾಗದಲ್ಲಿ ಫ್ಲಾಟುಗಳಿವೆ. ಆಂಟಿ ತೀರಿಕೊಂಡದ್ದು ನನಗೆ ಗೊತ್ತಾಗುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಮುಖ ನೋಡಲಾಗಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ಮಗನೂ ಉಗ್ರಾಣದ ಅಟ್ಟಕ್ಕೆ ಏಣಿ ಹಾಕಿ, ಫೋನ್ ಹಿಡಿದು ಬೋನಿನವರನ್ನು ಹುಡುಕುತ್ತಿದ್ದ.

"ಮಗು ಇರೋ ಮನೇಲಿ ಕಾಡುಪ್ರಾಣಿ ಇಟ್ಕೋತಾರೇನಮ್ಮಾ?"

"ಇದ್ಯಾವ ಕಾಡೋ? ಬಿಳೇಕಹಳ್ಳಿ. ಅದಕ್ಕೆ ಗೊತ್ತು, ನಿಂಗೇ ಗೊತ್ತಿಲ್ಲ. ಮಗು ಮುಂದಿನ ಆರ್‌ಸಿಸಿ ರೂಮಲ್ಲಿದೆ. ಉಗ್ರಾಣದ ಬಾಗ್ಲು ಹಾಕು, ಸಾಕು."

"ಅಮ್ಮಾ, ಏಣಿ ಬಿಡು."

"ಬಿಡಲ್ಲ. ಏನ್ ಮಾಡ್ತೀಯೋ ಮಾಡು" ಎಂದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತೇಬಿಟ್ಟೆ. ಮಂಡಿನೋವು ಬೇರೆ. ಆದರೂ ಏಳಲಿಲ್ಲ. ಅಳಿಯಂದಿರು ಚಪ್ಪಲಿ ನೋಡುತ್ತಾ ನಿಂತರು. ಅಷ್ಟರಲ್ಲಿ ಕೋಣೆಯಿಂದ ಮಗಳು ತಮ್ಮನ ಮೇಲೆ ಕೂಗಿದಳು:

"ಲೋ, ಅದನ್ನ ಓಡಿಸೋದಾದ್ರೆ ಮೊದ್ಲು ನನ್ ಬ್ಯಾಗ್ ಪ್ಯಾಕ್ ಮಾಡು! ನಾನೂ ಅಂಥದ್ರ ಕೆಳಗೇ ಮಲ್ಗಿ ಬೆಳ್ದೋಳು. ಏನಾಗಿದೆ ನಂಗೆ?"

"ನಿಂಗಾ? ಬಾಯಿ ಜಾಸ್ತಿ ಆಗಿದೆ" ಎಂದ. ಆದರೆ ಫೋನ್ ಜೇಬಿಗೆ ಹೋಯಿತು.

ಸಂಜೆ ಬಾಣಂತಿಯ ಕೋಣೆಯಲ್ಲೇ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅವಳಿಗೆ ಮೆಣಸಿನ ಸಾರು, ನಮಗೆ ಮುದ್ದೆ, ಅವರೆಕಾಳು ಸಾರು. ಮಗು ನನ್ನ ತೊಡೆಯ ಮೇಲೆ. ಇದನ್ನೂ ಒಂದು ಸಲ ಆಂಟಿಯ ಕೈಗೆ ಕೊಡಬೇಕಿತ್ತು... ಅಷ್ಟರಲ್ಲಿ ಹಿಂದುಗಡೆ ಅಟ್ಟದಲ್ಲಿ ಧೊಪ್ಪೆಂದು ಸದ್ದಾಯಿತು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು.

ಮಗ ತಲೆಯೆತ್ತದೆ ಮುದ್ದೆ ಮುರಿಯುತ್ತಾ ಕೇಳಿದ: "ಮೇಲಿನವಳಿಗೆ ಏನಾದ್ರೂ ಇಡ್ಬೇಕೇನಮ್ಮಾ?"

"ಬೇಡ. ಅವಳ ಊಟ ಅವಳು ನೋಡ್ಕೋತಾಳೆ. ನೀನು ತಿನ್ನು" ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.