ಉಮೇದುವಾರರ ಮುಂದೆ ಎಲೆ ತಟ್ಟೆ

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಎರಡು ಬಣ್ಣದ ಕಾಗದಗಳು ಬಿದ್ದಿದ್ದವು. ಚುನಾವಣೆ ಹತ್ತಿರ ಬಂದಿದೆಯಲ್ಲ. ಒಬ್ಬರು ಮನೆಮನೆಗೂ ಆರೋಗ್ಯ ಕಾರ್ಡು ಕೊಡುತ್ತಾರಂತೆ, ಇನ್ನೊಬ್ಬರು ಹೈಟೆಕ್ ಆಸ್ಪತ್ರೆಯನ್ನೇ ತಂದು ನಿಲ್ಲಿಸುತ್ತಾರಂತೆ. ಈ ಸಲ ಓಟು ಹಾಕುವುದಿಲ್ಲವೆಂದು ಮಗಳಿಗೆ ಆಗಲೇ ಹೇಳಿಬಿಟ್ಟಿದ್ದೆ. ಮಂಡಿ ನೋವು ಎಂಬುದು ನೆಪ. ನಿಜವಾದ ಕಾರಣ ಬೇಸರ. ಆ ಕಾಗದಗಳನ್ನು ಅಡುಗೆಮನೆಗೆ ಒಯ್ದು, ಆಗಷ್ಟೇ ತಂದಿದ್ದ ವೀಳ್ಯದೆಲೆಯ ಕಟ್ಟನ್ನು ಅವುಗಳ ಮೇಲೆಯೇ ಬಿಚ್ಚಿದೆ. ಒದ್ದೆ ಎಲೆಯ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡಮ್ಮ ನೆನಪಾದಳು.

ದೊಡ್ಡಮ್ಮನೆಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ನಂಜಮ್ಮ. ಇದೇ ಜಕ್ಕೂರಿನಲ್ಲಿ, ಅರವತ್ತರ ದಶಕದ ಮೊದಲಲ್ಲಿ, ನಮ್ಮದು ಕೂಡು ಕುಟುಂಬ. ದೊಡ್ಡಪ್ಪ ಹೆಚ್ಚು ಮಾತಿನವರಲ್ಲ. ಅವರ ಪಾಲಿನ ಮಾತನ್ನೂ ದೊಡ್ಡಮ್ಮನೇ ಆಡಿ ಮುಗಿಸುತ್ತಿದ್ದಳು. ಊರ ಪಕ್ಕದ ವಿಮಾನ ಶಾಲೆಯಲ್ಲಿ ಹಾರಾಟ ಕಲಿಯುವವರು ಇಡೀ ದಿನ ನಮ್ಮ ತಲೆಯ ಮೇಲೆ ಸುತ್ತುತ್ತಿದ್ದರು. ದೊಡ್ಡಮ್ಮ ಅಂಗಳದಲ್ಲಿ ರಾಗಿ ಕೇರುತ್ತಾ ಮೇಲೆ ನೋಡಿ, “ಆಕಾಸ್ದಾಗೆ ಅಡ್ಡಾಡಕ್ಕೆ ಇಮಾನ ಐತೆ, ನೆಲದ್ ಮ್ಯಾಲೆ ಎರಿಗೆ ಮಾಡ್ಸಕ್ಕೆ ಒಬ್ಬಳಿಲ್ಲ,” ಎನ್ನುವಳು.

ಆ ಮಾತಿನ ಹಿಂದೆ ಏನಿತ್ತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮನ ಒಂದೇ ಒಂದು ಹೆರಿಗೆ ಎತ್ತಿನ ಗಾಡಿಯಲ್ಲಿ ಆಗಿತ್ತು. ಪೇಟೆಯ ಆಸ್ಪತ್ರೆಗೆಂದು ಹೊರಟ ಗಾಡಿ ಹೆಬ್ಬಾಳದ ಕೆರೆ ಏರಿ ದಾಟುವಷ್ಟರಲ್ಲಿ ಮಗು ಹುಟ್ಟಿತು. ಗಾಡಿ ತಿರುಗಿಸಿ ಊರಿಗೆ ಬರುವಷ್ಟರಲ್ಲಿ ಮಗು ಇರಲಿಲ್ಲ. ಆಮೇಲೆ ಅವಳು ಆ ಏರಿಯ ಮೇಲೆ ಯಾವತ್ತೂ ಗಾಡಿ ಹತ್ತಿ ಹೋಗಲಿಲ್ಲ, ಇಳಿದು ನಡೆಯುತ್ತಿದ್ದಳು.

ಅಂಥ ಮನೆಗೆ ನಾನು ಗಂಡನ ಮನೆಯಿಂದ ಚೊಚ್ಚಲ ಬಸುರಿಯಾಗಿ, ಆರು ತಿಂಗಳ ಹೊಟ್ಟೆ ಹೊತ್ತು ಬಂದೆ. ಊರಿನ ಸೂಲಗಿತ್ತಿ ಹಿಂದಿನ ವರ್ಷ ತೀರಿಹೋಗಿದ್ದಳು. ಅದೇ ಹೊತ್ತಿಗೆ ಪಂಚಾಯ್ತಿ ಚುನಾವಣೆ ಬಂತು. ಗೆದ್ದ ಮೆಂಬರುಗಳೆಲ್ಲ ಸೇರಿ ಛೇರ್ಮನ್ನರನ್ನು ಆರಿಸುವುದು ಕ್ರಮ. ನಮ್ಮ ಕೇರಿಯ ಸೀಟಿಗೆ ನಿಂತ ಇಬ್ಬರು ಮಾತ್ರ ಓಟು ಬೀಳುವ ಮೊದಲೇ ಛೇರ್ಮನ್ನರೆಂದು ಕರೆಸಿಕೊಳ್ಳುತ್ತಿದ್ದರು. ಒಬ್ಬರು ನಮ್ಮ ನೆಂಟರೇ ಆದ ಕೆಂಪಣ್ಣ, ಇನ್ನೊಬ್ಬರು ಮಿಲ್ಲಿನ ರಾಮಯ್ಯ. ಇಬ್ಬರೂ ನೋಟೀಸು ಅಚ್ಚು ಹಾಕಿಸಿದ್ದರು. ದೊಡ್ಡಮ್ಮನಿಗೆ ಓದು ಬಾರದು. ನಾನು ಓದಿ ಹೇಳಬೇಕು. ಕೆಂಪಣ್ಣನವರದು ಇಪ್ಪತ್ತು ಮಂಚದ ಹೆರಿಗೆ ಆಸ್ಪತ್ರೆ. ರಾಮಯ್ಯನವರದು ಪ್ರತಿ ಸೋಮವಾರ ಕಾರಿನಲ್ಲಿ ಬಂದು ಪುಕ್ಕಟೆ ಔಷಧಿ ಕೊಡುವ ಡಾಕ್ಟರು. ನಾನು ಪೂರ್ತಿ ಕೆಂಪಣ್ಣನವರ ಕಡೆ. ಅವರ ನೋಟೀಸಿನ ಅಂಚಿಗೆ ಬಳ್ಳಿಯ ಚಿತ್ರವಿತ್ತು, ನನ್ನ ರಾಜಕೀಯ ಜ್ಞಾನ ಅಷ್ಟೇ. ಸಾಲದ್ದಕ್ಕೆ ಆಗ ಓಟಿಗೆ ಇಪ್ಪತ್ತೊಂದು ತುಂಬಬೇಕಿತ್ತು, ನನಗೆ ಇನ್ನೂ ತುಂಬಿರಲಿಲ್ಲ. ಓಟು ಇರಲಿಲ್ಲ, ಹೊಟ್ಟೆ ಮಾತ್ರ ಇತ್ತು.

ದೊಡ್ಡಮ್ಮ ಎರಡೂ ನೋಟೀಸನ್ನು ಮೂರು ಸಲ ಓದಿಸಿದಳು. ಆಮೇಲೆ, “ಗಂಡು ನೋಡ್ದಂಗೆ ನೋಡ್ಬೇಕು ಮಗಾ. ಇಬ್ರನ್ನೂ ಒಂದೇ ಚಾಪೆ ಮ್ಯಾಲೆ ಕೂರ್ಸಿದ್ರೆ ಗೊತ್ತಾಯ್ತದೆ,” ಎಂದಳು.

ನಮ್ಮ ಕಡೆ ಮದುವೆ ಗಟ್ಟಿಯಾಗುವುದು ವೀಳ್ಯಶಾಸ್ತ್ರದಲ್ಲಿ. ಎಲೆ ಅಡಿಕೆ ಕೈಗೆ ತೆಗೆದುಕೊಂಡರೆ ಮಾತು ಕೊಟ್ಟಂತೆ. ಆಮೇಲೆ ತಪ್ಪಿದವರ ಮನೆಗೆ ಹೆಣ್ಣೂ ಸಿಗದು, ಮರ್ಯಾದೆಯೂ ಸಿಗದು. ದೊಡ್ಡಮ್ಮ ಇಬ್ಬರಿಗೂ ಬೇರೆಬೇರೆಯಾಗಿ ಹೇಳಿ ಕಳಿಸಿದಳು. ಇಬ್ಬರೂ ಒಂದೇ ಮಧ್ಯಾಹ್ನ ಬಂದರು. ಒಬ್ಬರನ್ನೊಬ್ಬರು ನೋಡಿ ಗಂಟಲು ಸರಿಮಾಡಿಕೊಂಡರು. ಕೇರಿಯ ಹೆಂಗಸರೆಲ್ಲ ಬಾಗಿಲ ಹತ್ತಿರ ನಿಂತಿದ್ದರಿಂದ ಎದ್ದು ಹೋಗುವಂತಿಲ್ಲ. ಚಾಪೆಯ ಎರಡು ತುದಿಗೆ ಕೂತರು. ಉಪ್ಪಿಟ್ಟು ಆಯಿತು. ದೊಡ್ಡಮ್ಮ ನನ್ನ ಕೈ ಹಿಡಿದು ಅವರ ಮುಂದೆ ನಿಲ್ಲಿಸಿದಳು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು.

“ಗುರುವಾರ ಮಟಮಟ ಮಧ್ಯಾಹ್ನ ಇವಳಿಗೆ ನೋವು ಬಂತು ಅಂತ ಇಟ್ಕೊಳ್ಳಿ. ಯಾರು ಬತ್ತಾರೆ? ಅವರ ಎಸ್ರೇನು? ಎಲ್ಲಿಂದ ಬತ್ತಾರೆ? ಯೋಳಿ.”

“ಅದಕ್ಕೇ ಅಲ್ವೇನಮ್ಮ ಇಪ್ಪತ್ತು ಮಂಚದ ಆಸ್ಪತ್ರೆ,” ಎಂದರು ಕೆಂಪಣ್ಣ.

“ಮಂಚ ಎರಿಗೆ ಮಾಡ್ಸುತ್ತೇನಣ್ಣ?”

ಬಾಗಿಲ ಹತ್ತಿರ ಯಾರೋ ಕಿಸಕ್ಕೆಂದರು. ರಾಮಯ್ಯನವರು ಹುರುಪಿನಿಂದ ಮುಂದೆ ಸರಿದು, “ನಮ್ ಡಾಕ್ಟ್ರು ಪ್ರತಿ ಸೋಮವಾರ...” ಎಂದು ಶುರುಮಾಡಿದರು.

“ನೋವೂ ಸೋಮವಾರಾನೇ ಬರ್ಬೇಕಾ?”

ಈಗ ನಗು ಕಿಸಕ್ಕೆನ್ನುವ ಮಟ್ಟದಲ್ಲಿ ಉಳಿಯಲಿಲ್ಲ. ದೊಡ್ಡಮ್ಮ ಮಾತ್ರ ನಗದೆ ಹೇಳಿದಳು: “ನಂಗೆ ಕಟ್ಟಡ ಬ್ಯಾಡ, ಕಾರು ಬ್ಯಾಡ. ಊರಾಗೇ ಇರೋ ಒಬ್ಬ ನರ್ಸಮ್ಮ ಬೇಕು. ಇರಕ್ಕೆ ನನ್ನ ಮನೆ ಮುಂದಿನ ಕೋಣೆ ಕೊಡ್ತೀನಿ. ಕರ್ಕೊಂಡ್ ಬರೋರಿಗೆ ಈ ಕೇರಿ ಹೆಂಗಸ್ರ ಓಟು.” ಎಲೆ ಅಡಿಕೆ ತಟ್ಟೆಯನ್ನು ಇಬ್ಬರ ಮಧ್ಯೆ ಇಟ್ಟಳು.

ಕೆಂಪಣ್ಣನವರಿಗೆ ಕೋಪ ಬಂತು. ಹೆಂಗಸರ ಓಟು ಗಂಡಸರ ಕಡೆಯಿಂದಲೇ ಬರುತ್ತದೆ, ಅದಕ್ಕೆ ಇಷ್ಟೆಲ್ಲ ಯಾಕೆ ಎಂದು ಮೇಲುವಸ್ತ್ರ ಕೊಡವಿ ಎದ್ದು ಹೋದರು. ರಾಮಯ್ಯನವರು, “ನರ್ಸಮ್ಮನ್ನ ಹಾಕೋದು ಸರ್ಕಾರದ ಕೆಲಸ ಕಣಮ್ಮ, ನನ್ನ ಕೈಲೇನೈತೆ,” ಎಂದು ವಿವರಿಸುತ್ತಲೇ ಇದ್ದರು. ಆದರೆ ಉಪ್ಪಿಟ್ಟು ತಿಂದ ಮನುಷ್ಯನ ಮುಂದೆ ಎಲೆ ತಟ್ಟೆ ಇದೆ. ಕೈ ತನ್ನಷ್ಟಕ್ಕೆ ತಾನೇ ಎಲೆ ಒರೆಸಿತು, ತೊಟ್ಟು ಮುರಿಯಿತು, ಸುಣ್ಣ ಹಚ್ಚಿತು, ಮಡಿಸಿ ಬಾಯಿಗಿಟ್ಟಿತು. ದೊಡ್ಡಮ್ಮ ಕಾದಳು. ಅವರು ಎರಡು ಸಲ ಅಗಿದ ಮೇಲೆ ಬಾಗಿಲ ಕಡೆ ತಿರುಗಿ, “ಎಲ್ರೂ ನೋಡಿದ್ರಲ್ಲ,” ಎಂದಳು. ರಾಮಯ್ಯನವರ ಮುಖ ನೋಡಿ ನನಗೇ ಪಾಪ ಎನಿಸಿತು. ಉಗಿಯುವಂತಿಲ್ಲ, ನುಂಗುವಂತಿಲ್ಲ.

ಸಂಜೆ ಅಪ್ಪ ಕೂಗಾಡಿದರು. “ನೆಂಟರ ಮುಂದೆ ಮರ್ಯಾದೆ ತೆಗೆದ್ರಲ್ಲ ಅತ್ತಿಗೆ.”

“ನೆಂಟಸ್ತನ ನಿಂದು ಕಣಪ್ಪ, ನೋವು ನಮ್ದು,” ಎಂದಳು ದೊಡ್ಡಮ್ಮ. ದೊಡ್ಡಪ್ಪ ಅಡಿಕೆ ಕತ್ತರಿಸುತ್ತಾ, “ನನ್ನನ್ನೇನೂ ಕೇಳಬ್ಯಾಡಿ, ನಾನೂ ಆ ಗಾಡಿ ಹೊಡ್ಕೊಂಡ್ ಹೋಗಿದ್ದೋನು,” ಎಂದರು. ಅವರು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ರಾಮಯ್ಯನವರು ಗೆದ್ದರು, ಛೇರ್ಮನ್ನರೂ ಆದರು. ಗೆದ್ದವರಿಗೆ ಮರೆವು ಹೆಚ್ಚು. ದೊಡ್ಡಮ್ಮ ದಿನಾ ಬೆಳಿಗ್ಗೆ ಅದೇ ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ ಇಟ್ಟುಕೊಂಡು ಅವರ ಮನೆಯ ಜಗಲಿಯ ಮೇಲೆ ಕೂರತೊಡಗಿದಳು. ಬಯ್ಯಲಿಲ್ಲ, ಬೇಡಲಿಲ್ಲ. ಬಂದವರು ಯಾಕೆಂದು ಕೇಳಿದರೆ, “ಛೇರ್ಮನ್ನರು ಎಲೆ ತಿಂದವ್ರೆ, ನರ್ಸಮ್ಮ ಬಂದಿಲ್ಲ,” ಎನ್ನುವಳು. ಮೂರನೆಯ ವಾರ ರಾಮಯ್ಯನವರು ತಾಲ್ಲೂಕು ಕಚೇರಿಗೆ ಓಡಾಡತೊಡಗಿದರು. ನನಗೆ ಒಂಬತ್ತು ತುಂಬುವ ಹೊತ್ತಿಗೆ ಕಬ್ಬಿಣದ ಟ್ರಂಕು ಹಿಡಿದು ನರ್ಸಮ್ಮ ಬಂದಿಳಿದರು, ಹೆಸರು ಜುಬೇದಮ್ಮ. ಬೇರೆ ಜನ ಮನೆಯಲ್ಲಿರುವುದೇ ಎಂದು ಕೆಲವರು ಮೂಗು ಮುರಿದರು. ದೊಡ್ಡಮ್ಮ ಟ್ರಂಕನ್ನು ತಾನೇ ಎತ್ತಿ ಒಳಗಿಟ್ಟಳು.

ನನ್ನ ಮಗಳು ಹುಟ್ಟಿದ್ದು ಆ ಮುಂದಿನ ಕೋಣೆಯಲ್ಲಿ. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. “ಡರ್ ನಕ್ಕೋ ಮಾ, ಹೆದರ್ಬೇಡ, ನಾನಿದೀನಿ,” ಎನ್ನುತ್ತಾ ಜುಬೇದಮ್ಮ ಬೆರಳಿನಿಂದ ಅದನ್ನು ಬಿಡಿಸಿದರು. ಮಗು ಅತ್ತಿತು. ಹೊರಗೆ ದೊಡ್ಡಮ್ಮ ಅತ್ತದ್ದು ಅದಕ್ಕಿಂತ ಜೋರಾಗಿ ಕೇಳಿಸಿತು. ಗಾಡಿಯಲ್ಲಿ ಹೋಗಿದ್ದರೆ ಹೆಬ್ಬಾಳದ ಏರಿಯವರೆಗೂ ಆ ಮಗು ಉಳಿಯುತ್ತಿರಲಿಲ್ಲ. ಇದನ್ನು ನಾನು ಇವತ್ತಿಗೂ ಕೋಪದಿಂದಲೇ ಹೇಳುತ್ತೇನೆ, ಕೃತಜ್ಞತೆಯಿಂದಲ್ಲ. ಒಬ್ಬ ನರ್ಸಮ್ಮನಿಗಾಗಿ ಒಬ್ಬ ಹೆಂಗಸು ಅಷ್ಟು ದಿನ ಪರರ ಜಗಲಿಯಲ್ಲಿ ಯಾಕೆ ಕೂರಬೇಕಿತ್ತು?

ಇವತ್ತು ಸಂಜೆ ಕಾರ್ಡಿನ ಉಮೇದುವಾರರು ಬಂದರು, ಹಿಂದೆ ಹತ್ತು ಜನ. ಕೂರಿಸಿ ಕೇಳಿದೆ: “ಗುರುವಾರ ಮಧ್ಯಾಹ್ನ ನನಗೆ ಎದೆನೋವು ಬಂತು ಅಂತಿಟ್ಕೊಳ್ಳಪ್ಪ. ಯಾರು ಬರ್ತಾರೆ? ಅವರ ಹೆಸರೇನು?”

“ಎಲ್ಲಾ ಆ್ಯಪ್‌ನಲ್ಲಿ ಇರುತ್ತೆ ಅಜ್ಜಿ.”

“ಆ್ಯಪ್‌ಗೆ ನಾಡಿ ಹಿಡಿಯೋಕೆ ಬರುತ್ತಾ?”

ಎಲೆ ತಟ್ಟೆ ಮುಂದಿಟ್ಟೆ. ಎಲೆ ಹಾಕುವ ಅಭ್ಯಾಸವಿಲ್ಲವೆಂದು ಅವರು ಕೈ ಹಿಂದಕ್ಕೆಳೆದುಕೊಂಡರು. ಅವರು ಹೋದ ಮೇಲೆ ಎಲೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ನಾಳೆ ಇನ್ನೊಬ್ಬರು ಬರುತ್ತಾರಂತೆ. ಮಗಳಿಗೆ ಫೋನು ಮಾಡಿ ಓಟಿನ ದಿನಕ್ಕೆ ಆಟೋ ಹೇಳು ಎಂದೆ. “ಮಂಡಿ ನೋವು ಅಂತಿದ್ದೆಯಲ್ಲಮ್ಮ?” ಎಂದಳು.

ನೋವಿದೆ, ಇಲ್ಲವೆನ್ನುವುದಿಲ್ಲ. ಆದರೆ ಗೆದ್ದವರ ಜಗಲಿಯ ಮೇಲೆ ಕೂರುವುದಕ್ಕೆ ಮಂಡಿ ಗಟ್ಟಿಯಿರಬೇಕೆಂದೇನೂ ಇಲ್ಲ.