ದೀರ್ಘದಕ್ಕ ಮುಂದೂಡಿದ ಅಪ್‌ಡೇಟ್

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ದೀರ್ಘದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುವ ಕೆಲಸ. ಎಲ್ಲಿ ದೀರ್ಘ ಬಿಟ್ಟುಹೋಗಿದ್ದರೂ ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಮನೆಯ ಕಿಟಕಿ ಪಕ್ಕದ ಮೇಜೇ ಅವಳ ಕಚೇರಿ.

ಕಂಪ್ಯೂಟರಿನ ಅಪ್‌ಡೇಟ್ ಎಂದರೆ ಮಾತ್ರ ಅವಳಿಗೆ ದಿಗಿಲು. ಹಿಂದೊಮ್ಮೆ ಹಾಕಿಸಿಕೊಂಡಾಗ ಒತ್ತಕ್ಷರಗಳೆಲ್ಲ ಚೌಕಗಳಾಗಿ, ಎರಡು ದಿನ ಕೆಲಸ ನಿಂತುಹೋಗಿತ್ತು. ಹಾಲಿನಲ್ಲಿ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗೆ ಅಂದಿನಿಂದ ‘ಆಮೇಲೆ ನೆನಪಿಸು’ ಒತ್ತುವುದೇ ರೂಢಿಯಾಯಿತು.

“ಪಾಪ, ದಿನಾ ಬಂದು ಕೇಳ್ತಿದೆ. ಒಂದ್ಸಲ ಹೂಂ ಅನ್ನೇ” ಎಂದು ಗಂಡ ನಕ್ಕರೂ ಅವಳು ಜಗ್ಗಲಿಲ್ಲ.

ಒಂದು ಬೆಳಿಗ್ಗೆ ಮುದ್ರಣಾಲಯದ ಮ್ಯಾನೇಜರ್ ಫೋನ್ ಮಾಡಿದರು.

“ಅಕ್ಕಾ, ನೀವು ಕಳಿಸಿದ ಫೈಲ್ ತೆಗೆದೆ. ಕಂಪ್ಯೂಟರೇ ಲಾಕ್ ಆಗೋಯ್ತು.”

“ನಾನೇನೂ ಕಳಿಸಿಲ್ವಲ್ಲಪ್ಪಾ!”

ಅವಳ ಮೇಲ್‌ನಿಂದ, ಅವಳ ಹೆಸರಿನಲ್ಲೇ, ನಲವತ್ತು ಜನರಿಗೆ ಪತ್ರ ಹೋಗಿತ್ತು. ದೀರ್ಘದಕ್ಕ ಕಂಪ್ಯೂಟರ್ ರಿಪೇರಿ ಅಂಗಡಿಯವಳಿಗೆ ಫೋನ್ ಮಾಡಿ, ಅವಳು ಹೇಳಿದಂತೆ ಇಂಟರ್‌ನೆಟ್ ವೈರ್ ಕಿತ್ತಳು. ಆಮೇಲೆ ವಿಳಾಸದ ಪುಸ್ತಕ ತೆರೆದು ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದಳು. ನೆಪ ಹೇಳಲಿಲ್ಲ.

“ನನ್ನ ಉದಾಸೀನದಿಂದಲೇ ಹೀಗಾಯ್ತು. ದಯವಿಟ್ಟು ಆ ಫೈಲ್ ಮುಟ್ಟಬೇಡಿ.”

ಕೆಲವರು ರೇಗಿದರು. ಒಬ್ಬ ಹಿರಿಯ ಕಾದಂಬರಿಕಾರರು ಮಾತ್ರ ನಕ್ಕುಬಿಟ್ಟರು.

“ಪತ್ರದಲ್ಲಿ ‘ಕಡತ ನೊಡಿ’ ಅಂತಿತ್ತಮ್ಮಾ. ನೀನು ದೀರ್ಘ ಬಿಡ್ತೀಯಾ? ಆಗಲೇ ಅನುಮಾನ ಬಂತು.”

ಬೆಳಗಿನಿಂದ ತಡೆಹಿಡಿದಿದ್ದ ಅಳು ಆಗ ಬಂತು.

ಮಧ್ಯಾಹ್ನ ರಿಪೇರಿಯವಳು ಬಂದು, ಮೊದಲು ಮೇಲ್‌ನ ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದಳು.

“ಈ ಕಳ್ಳರು ಒಳಗೆ ಹೇಗೆ ಬಂದರೇ?”

“ಅಪ್‌ಡೇಟ್ ಬಂದಾಗ ಯಾವ ತೂತು ಮುಚ್ಚಿದ್ರು ಅಂತ ಕಳ್ಳರಿಗೂ ಗೊತ್ತಾಗುತ್ತೆ ಆಂಟಿ. ಮುಚ್ಚದೇ ಇರೋರನ್ನ ಹುಡುಕ್ಕೊಂಡು ಬರ್ತಾರೆ.”

“ಮತ್ತೆ ನನ್ನ ಒತ್ತಕ್ಷರ?”

“ಹೊಸ ಫಾಂಟ್ ಹಾಕಿದ್ದೀನಿ. ಇನ್ಮುಂದೆ ಫೈಲೆಲ್ಲ ಬೇರೆ ಡಿಸ್ಕಲ್ಲೂ ಒಂದು ಪ್ರತಿ ಇಟ್ಕೊಳ್ಳಿ. ಅಪ್‌ಡೇಟ್ ಎಡವಟ್ಟಾದರೂ ಕೆಲಸ ಹೋಗಲ್ಲ.”

ಮ್ಯಾನೇಜರರ ಕಂಪ್ಯೂಟರಿನಲ್ಲಿದ್ದ ಮಕ್ಕಳ ಕವಿತೆಗಳ ಪುಸ್ತಕ ಮಾತ್ರ ಮರಳಿ ಸಿಗಲಿಲ್ಲ. ದೀರ್ಘದಕ್ಕ ತನ್ನಲ್ಲಿದ್ದ ಕಾಗದದ ಕರಡು ಹಿಡಿದುಕೊಂಡು ಹೋಗಿ, ಒಂಬತ್ತು ದಿನ ಅವರ ಪಕ್ಕದಲ್ಲೇ ಕೂತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದಳು. ಮೊದಲೆರಡು ದಿನ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ತಾವೇ ಚಹಾ ತಂದಿಟ್ಟು, ದನಿ ತಗ್ಗಿಸಿ ಹೇಳಿದರು:

“ಅಕ್ಕಾ, ನಾನೂ ಅಪ್‌ಡೇಟ್ ಹಾಕಿ ಎರಡು ವರ್ಷ ಆಗಿತ್ತು.”